ದೊಡ್ಡ ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ತೊಡಕುಗಳು ಮತ್ತು ದೀರ್ಘಕಾಲದ ಪರಿಣಾಮ

ದೊಡ್ಡ ಕರುಳು ಅಥವಾ ಗುದನಾಳದಲ್ಲಿ ಬೆಳೆದ ಕ್ಯಾನ್ಸರ್ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದ ಮೇಲೆ ಹಲವರಲ್ಲಿ ಬಗೆಬಗೆಯ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಗಾಯ ಕೀವಾಗುತ್ತದೆ, ಕರುಳಿನ ಹೊಲಿಗೆ ಬಿಟ್ಟು ಸೋರುತ್ತದೆ, ಮೈಗೆ ನಂಜೇರುತ್ತದೆ, ನ್ಯುಮೋನಿಯಾ ಹಿಡಿಯುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇವನ್ನು ಶಸ್ತ್ರಚಿಕಿತ್ಸೋತ್ತರ ತೊಡಕುಗಳು ಎನ್ನುತ್ತಾರೆ. ಬಹುಕಾಲ ಇವು ಆಪರೇಷನ್ ಆದ 30 ದಿನದೊಳಗಿನ ಸಂಗತಿಗಳೆಂದೇ ಎಣಿಕೆಯಾಗುತ್ತಿದ್ದವು. ರೋಗಿ ಚೇತರಿಸಿಕೊಂಡು ಮನೆಗೆ ಹೋದರೆ ತೊಡಕೂ ಮುಗಿಯಿತು ಎಂಬುದು ಆ ಲೆಕ್ಕ. ಕಳೆದ ಎರಡು ದಶಕಗಳ ಅಧ್ಯಯನಗಳು ಈ ಲೆಕ್ಕ ತಪ್ಪೆಂದು ತೋರಿಸಿವೆ. ಆಸ್ಪತ್ರೆಯಲ್ಲಿ ವಾಸಿಯಾದಂತೆ ಕಂಡ ತೊಡಕು ಎರಡು, ಐದು, ಹತ್ತು ವರ್ಷಗಳ ಮೇಲೂ ರೋಗಿಯ ಆಯಸ್ಸನ್ನು, ಕ್ಯಾನ್ಸರ್ ಮರಳುವ ಸಾಧ್ಯತೆಯನ್ನು, ದಿನನಿತ್ಯದ ಊಟ, ಶೌಚ, ದುಡಿಮೆಯನ್ನು ಬಾಧಿಸಬಲ್ಲದು.

2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಮಂದಿ ಸತ್ತರು. ಕ್ಯಾನ್ಸರ್‌ಗಳ ಪೈಕಿ ಹೊಸ ಪ್ರಕರಣಗಳ ಸಂಖ್ಯೆಯಲ್ಲಿ ಇದು ಮೂರನೆಯದು, ಸಾವಿನ ಲೆಕ್ಕದಲ್ಲಿ ಎರಡನೆಯದು. ಭಾರತದಲ್ಲಿ ಇದರ ಪ್ರಮಾಣ ಯುರೋಪು, ಅಮೆರಿಕಗಳಿಗಿಂತ ಎಷ್ಟೋ ಕಡಿಮೆ. ಆದರೆ ಇಲ್ಲಿನ ರೋಗಿಗಳು ಕಿರಿಯರು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 800 ರೋಗಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸರಾಸರಿ ವಯಸ್ಸು 47ರ ಆಸುಪಾಸಿನಲ್ಲಿತ್ತು. ಗುದನಾಳದ ಗಡ್ಡೆಗಳ ಪಾಲೂ ದೊಡ್ಡದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕೆಂದು ತಿಂಗಳುಗಟ್ಟಲೆ ಔಷಧಿ ಮಾಡಿಕೊಂಡು, ಗಡ್ಡೆ ಬೆಳೆದ ಮೇಲೆ ದೊಡ್ಡಾಸ್ಪತ್ರೆಗೆ ಬರುವವರು ಬಹಳ. ಎಪ್ಪತ್ತೈದು ದಾಟಿದವರಲ್ಲಿ ಆಪರೇಷನ್ನಿನ ನಂತರದ ಹತ್ತು ವರ್ಷ ದೊಡ್ಡ ಅವಧಿ. ನಲವತ್ತೇಳರಲ್ಲಿ ಆಪರೇಷನ್ ಆದವರು ಅದರ ಫಲವನ್ನೂ ಪಾಡನ್ನೂ ಮೂರು ದಶಕ ಹೊತ್ತು ನಡೆಯಬೇಕಾಗಬಹುದು. ದೀರ್ಘಕಾಲದ ಪರಿಣಾಮ ಎಂಬ ಮಾತಿಗೆ ನಮ್ಮಲ್ಲಿ ಹೆಚ್ಚಿನ ತೂಕ ಬರುವುದು ಇದರಿಂದ.

ಕತ್ತರಿಸುವುದು, ಕೂಡಿಸುವುದು

ಆಪರೇಷನ್ನಿನಲ್ಲಿ ಗಡ್ಡೆಯಿರುವ ಕರುಳಿನ ತುಂಡನ್ನು ಅದಕ್ಕೆ ರಕ್ತ ಒಯ್ಯುವ ನಾಳಗಳು ಮತ್ತು ಸುತ್ತಲ ದುಗ್ಧಗ್ರಂಥಿಗಳ ಸಮೇತ ತೆಗೆದು, ಉಳಿದ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸುತ್ತಾರೆ. ಈ ಕೂಡಿಕೆಯೇ ಇಡೀ ಕೆಲಸದ ಆಯಕಟ್ಟಿನ ಜಾಗ. ಕರುಳಿನ ಹೊರಪೊರೆಗಳು ಒಂದಕ್ಕೊಂದು ತಾಗುವಂತೆ ಹೊಲಿದರೆ ಅದು ಅಂಟಿಕೊಳ್ಳುತ್ತದೆ ಎಂದು ಫ್ರಾನ್ಸಿನ ಆಂತ್ವಾನ್ ಲಾಂಬೇರ್ 1826ರಲ್ಲಿ ತೋರಿಸಿದ. ಹೊಲಿಗೆಯ ಹಿಡಿತವಿರುವುದು ಲೋಳ್ಪೊರೆಯ ಕೆಳಗಿನ ಗಟ್ಟಿ ಪದರದಲ್ಲಿ ಎಂದು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1887ರಲ್ಲಿ ನಾಯಿಗಳ ಮೇಲಿನ ಪ್ರಯೋಗದಿಂದ ಕಂಡುಕೊಂಡ. ಇಂದು ಹೊಲಿಗೆಯ ಜಾಗಕ್ಕೆ ಬಹುಮಟ್ಟಿಗೆ ಸ್ಟೇಪ್ಲರ್ ಯಂತ್ರ ಬಂದಿದೆ, ಹೊಟ್ಟೆ ಸೀಳುವ ಬದಲು ರಂಧ್ರ ಕೊರೆದು ಮಾಡುವ ಲ್ಯಾಪರೋಸ್ಕೋಪಿ ಬಂದಿದೆ. ಆದರೂ ಮೂಲ ನಿಯಮಗಳು ಬದಲಾಗಿಲ್ಲ. ಕೂಡಿಕೆಗೆ ರಕ್ತ ಚೆನ್ನಾಗಿ ಹರಿಯಬೇಕು, ಎಳೆತ ಇರಬಾರದು.

ಗುದನಾಳದ ಕೆಲಸ ಇನ್ನೂ ಕಠಿಣ. ಸೊಂಟದ ಮೂಳೆಗಳ ಇಕ್ಕಟ್ಟಿನಲ್ಲಿ, ಮೂತ್ರ ಮತ್ತು ಲೈಂಗಿಕ ಕ್ರಿಯೆಯ ನರಗಳ ಪಕ್ಕದಲ್ಲೇ ಕತ್ತರಿಯಾಡಬೇಕು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ವಿವರಿಸಿದ ಆಪರೇಷನ್ನಿನಲ್ಲಿ ಗುದದ್ವಾರವನ್ನೂ ತೆಗೆದು ಹೊಟ್ಟೆಯ ಮೇಲೆ ಶಾಶ್ವತವಾಗಿ ಮಲದ್ವಾರ ಮಾಡುತ್ತಿದ್ದರು. ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಅಖಂಡವಾಗಿ ಬಿಡಿಸಿ ತೆಗೆಯುವ ವಿಧಾನವನ್ನು 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಬಿಲ್ ಹೀಲ್ಡ್ ಮುಂದಿಟ್ಟ ಮೇಲೆ, ಅದೇ ಜಾಗದಲ್ಲಿ ಕ್ಯಾನ್ಸರ್ ಮರಳುವುದು ಬಹಳ ತಗ್ಗಿತು; ಗುದದ್ವಾರ ಉಳಿಸಿಕೊಂಡವರ ಸಂಖ್ಯೆಯೂ ಹೆಚ್ಚಿತು. ಅದರ ಜೊತೆಗೇ ಕೂಡಿಕೆ ಗುದದ್ವಾರಕ್ಕೆ ಹತ್ತಿರವಾಯಿತು. ಹತ್ತಿರವಾದಷ್ಟೂ ಸೋರಿಕೆಯ ಭಯ ಹೆಚ್ಚು.

ತೊಡಕಿನ ಅಳತೆಗೋಲು

ಒಂದು ಆಸ್ಪತ್ರೆಯವರು ತೊಡಕೆಂದು ಬರೆದದ್ದನ್ನು ಇನ್ನೊಂದು ಆಸ್ಪತ್ರೆಯವರು ಮಾಮೂಲು ಎಂದು ಬಿಟ್ಟುಬಿಟ್ಟರೆ ಹೋಲಿಕೆಗೆ ಆಧಾರವೇ ಇರುವುದಿಲ್ಲ. ಈ ಗೊಂದಲಕ್ಕೆ ಜ್ಯೂರಿಕ್‌ನ ಶಸ್ತ್ರವೈದ್ಯರು 2004ರಲ್ಲಿ ಒಂದು ದಾರಿ ತೋರಿದರು. ಅವರ ಹೆಸರಿನಿಂದಲೇ ಅದನ್ನು ಕ್ಲಾವಿಯನ್–ಡಿಂಡೋ ವರ್ಗೀಕರಣ ಎನ್ನುತ್ತಾರೆ. 6,336 ರೋಗಿಗಳ ಮೇಲೆ ಪರೀಕ್ಷಿಸಿದ ಈ ಪದ್ಧತಿಯಲ್ಲಿ ಲೆಕ್ಕಕ್ಕೆ ಬರುವುದು ತೊಡಕಿನ ಹೆಸರಲ್ಲ, ಅದನ್ನು ಸರಿಪಡಿಸಲು ಏನು ಮಾಡಬೇಕಾಯಿತು ಎಂಬುದು. ವಿಶೇಷ ಔಷಧಿಯಿಲ್ಲದೆ ಸರಿಹೋದರೆ ಮೊದಲ ದರ್ಜೆ. ಆ್ಯಂಟಿಬಯೋಟಿಕ್, ರಕ್ತ ಕೊಡಬೇಕಾಗಿ ಬಂದರೆ ಎರಡನೆಯದು. ಮತ್ತೆ ಸೂಜಿ, ಕೊಳವೆ ಅಥವಾ ಚಾಕು ಬೇಕಾದರೆ ಮೂರನೆಯದು, ಐಸಿಯುಗೆ ಹೋಗುವಂತಾದರೆ ನಾಲ್ಕನೆಯದು. ಸಾವು ಐದನೆಯದು. ಮಾಡಬೇಕಾಗಿ ಬಂದ ಚಿಕಿತ್ಸೆಯನ್ನೇ ಅಳತೆಗೋಲಾಗಿ ಮಾಡಿಕೊಂಡ ಈ ಉಪಾಯ ಸರಳವಾದದ್ದು. ಜಗತ್ತಿನ ಎಲ್ಲೆಡೆ ಅದು ಬಳಕೆಗೆ ಬಂದದ್ದೂ ಆ ಸರಳತೆಯಿಂದಲೇ.

ಅತಿ ಸಾಮಾನ್ಯವಾದದ್ದು ಹೊಟ್ಟೆಯ ಮೇಲಿನ ಗಾಯ ಕೀವಾಗುವುದು. ಕರುಳಿನೊಳಗೆ ಕೋಟ್ಯಂತರ ಬ್ಯಾಕ್ಟೀರಿಯಾಗಳಿರುವುದರಿಂದ ಬೇರೆ ಆಪರೇಷನ್‌ಗಳಿಗಿಂತ ಇಲ್ಲಿ ಅದು ಹೆಚ್ಚು. ಇನ್ನೊಂದು, ಕರುಳು ಕೆಲವು ದಿನ ಸ್ತಬ್ಧವಾಗಿಬಿಡುವುದು. ವಾರ್ಡಿನಲ್ಲಿ ಬೆಳಗಿನ ರೌಂಡ್ಸ್‌ಗೆ ಬಂದ ಡಾಕ್ಟರು “ಗಾಳಿ ಪಾಸ್ ಆಯ್ತಾ?” ಎಂದು ಕೇಳುವುದು ಕರುಳು ಎಚ್ಚರಾಗಿದೆಯೇ ಎಂದು ತಿಳಿಯಲು. ಮೂತ್ರದ ಸೋಂಕು, ನ್ಯುಮೋನಿಯಾ, ಹೃದಯಾಘಾತ, ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಕೂರುವುದು ಇವೂ ಪಟ್ಟಿಯಲ್ಲಿವೆ. ಇವೆಲ್ಲಕ್ಕಿಂತ ಶಸ್ತ್ರವೈದ್ಯರ ನಿದ್ದೆಗೆಡಿಸುವುದು ಕೂಡಿಕೆಯ ಸೋರಿಕೆ.

ಸೋರಿಕೆ

ಕೂಡಿಸಿದ ಜಾಗದಲ್ಲಿ ಎಲ್ಲೋ ಒಂದೆಡೆ ಬಿರುಕು ಬಿಟ್ಟು ಕರುಳಿನೊಳಗಿನದು ಹೊಟ್ಟೆಯ ಪೊಳ್ಳಿಗೆ ಇಳಿಯುವುದು ಸೋರಿಕೆ. ದೊಡ್ಡ ಕರುಳಿನ ಮೇಲ್ಭಾಗದ ಕೂಡಿಕೆಗಳಲ್ಲಿ ಇದು ನೂರರಲ್ಲಿ ಕೆಲವರಿಗಷ್ಟೇ ಆಗುತ್ತದೆ. ಗುದದ್ವಾರಕ್ಕೆ ತೀರ ಹತ್ತಿರದ ಕೂಡಿಕೆಗಳಲ್ಲಿ ಹತ್ತರಲ್ಲಿ ಒಬ್ಬರಿಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಜನರಿಗೆ ಆಗಬಹುದು. ಗಂಡಸರಲ್ಲಿ, ಧೂಮಪಾನಿಗಳಲ್ಲಿ, ಬೊಜ್ಜಿರುವವರಲ್ಲಿ, ರಕ್ತಹೀನತೆ ಮತ್ತು ಅಪೌಷ್ಟಿಕತೆಯಿಂದ ಬಳಲಿದವರಲ್ಲಿ, ಸ್ಟೀರಾಯ್ಡ್ ಸೇವಿಸುವವರಲ್ಲಿ, ಮೊದಲೇ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅಪಾಯ ಜಾಸ್ತಿ. ಕರುಳು ಕಟ್ಟಿಕೊಂಡು ತುರ್ತಾಗಿ ಆಪರೇಷನ್ ಆದವರದಂತೂ ಬೇರೆಯೇ ಪಾಡು.

ಸಾಮಾನ್ಯವಾಗಿ ಇದು ಬಯಲಾಗುವುದು ಮೊದಲ ಒಂದೆರಡು ವಾರದಲ್ಲಿ. ನಾಲ್ಕನೆಯ ದಿನದವರೆಗೆ ಚೆನ್ನಾಗಿದ್ದ ರೋಗಿಗೆ ಸಣ್ಣಗೆ ಜ್ವರ, ನಾಡಿ ಜೋರು, ಹೊಟ್ಟೆ ಉಬ್ಬರ, ಏನೋ ಕಸಿವಿಸಿ. ಕೆಲವರಲ್ಲಿ ಅಷ್ಟೂ ಇಲ್ಲ. ಮಾಮೂಲಿನಂತೆ ನಡೆದಾಡುತ್ತಿದ್ದವರು ಊಟ ಬೇಡ ಎನ್ನುತ್ತಾರೆ, ಅಷ್ಟೇ. ಆ ಹೊತ್ತಿಗೆ ಡಿಸ್ಚಾರ್ಜ್ ಆಗಿ ಊರು ಸೇರಿದ್ದರೆ, ಹೊಟ್ಟೆನೋವಿಗೆ ಹತ್ತಿರದ ಅಂಗಡಿಯ ಮಾತ್ರೆ ನುಂಗಿ ಎರಡು ದಿನ ಕಳೆದುಹೋಗುತ್ತದೆ. ಆ ಎರಡು ದಿನದ ಬೆಲೆ ಬಹಳ ದೊಡ್ಡದು. ಬೇಗ ತಿಳಿದರೆ ಆ್ಯಂಟಿಬಯೋಟಿಕ್ ಕೊಟ್ಟು, ಸಿಟಿ ಸ್ಕ್ಯಾನ್ ನೋಡಿಕೊಂಡು ಕೊಳವೆಯಿಂದ ಕೀವು ಬಸಿದು ನಿಭಾಯಿಸಬಹುದು. ತಡವಾದರೆ ಹೊಟ್ಟೆ ಮತ್ತೆ ತೆರೆದು, ಕೂಡಿಕೆಯನ್ನು ಬಿಚ್ಚಿ, ಕರುಳನ್ನು ಹೊಟ್ಟೆಯ ಮೇಲೆ ತರಬೇಕಾಗುತ್ತದೆ.

ಹೊಲಿಗೆ ಸರಿಯಾಗಿದ್ದರೂ, ರಕ್ತ ಹರಿಯುತ್ತಿದ್ದರೂ ಕೆಲವೊಮ್ಮೆ ಸೋರುವುದೇಕೆ ಎಂಬ ಪ್ರಶ್ನೆಗೆ ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಆಲ್ವರ್ಡಿ ಮತ್ತು ಸಂಗಡಿಗರು ಹೊಸ ದಿಕ್ಕಿನ ಉತ್ತರ ಕೊಟ್ಟಿದ್ದಾರೆ. ಎಂಟೆರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೂಡಿಕೆಯನ್ನು ಹಿಡಿದಿಡುವ ಕೊಲ್ಲಾಜೆನ್ ಎಳೆಗಳನ್ನು ಕರಗಿಸಿಬಿಡುತ್ತವೆ ಎಂದು 2015ರಲ್ಲಿ ಅವರು ಇಲಿಗಳಲ್ಲಿ ತೋರಿಸಿದರು. ಸೋರಿಕೆಯೆಂದರೆ ಕೈಚಳಕದ ಕೊರತೆ ಎಂದೇ ಶತಮಾನ ಕಾಲ ನಂಬಿ, ತಮ್ಮನ್ನು ತಾವೇ ಹಳಿದುಕೊಂಡ ಶಸ್ತ್ರವೈದ್ಯರಿಗೆ ಇದು ಸಮಾಧಾನದ ಮಾತು ಮಾತ್ರವಲ್ಲ, ತಡೆಯ ಹೊಸ ದಾರಿಯ ಸೂಚನೆಯೂ ಹೌದು.

ಆಯಸ್ಸಿನ ಮೇಲೆ

ತೊಡಕು ಆಯಸ್ಸನ್ನು ಎಷ್ಟು ದೂರದವರೆಗೆ ಕೊರೆಯುತ್ತದೆ ಎಂದು ಕಣ್ಣಿಗೆ ರಾಚುವಂತೆ ತೋರಿಸಿದ್ದು ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳ ದಾಖಲೆ. ಷುಕ್ರಿ ಖುರಿ ಮತ್ತು ಸಂಗಡಿಗರು ಕರುಳಿನ ಆಪರೇಷನ್ ಸೇರಿದಂತೆ ಎಂಟು ಬಗೆಯ ದೊಡ್ಡ ಆಪರೇಷನ್ ಆದ 1,05,951 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ 30 ದಿನದಲ್ಲಿ ಒಂದು ತೊಡಕಾದವರ ಬದುಕುಳಿಯುವ ಅವಧಿಯ ಮಧ್ಯಾಂಕ ಶೇ. 69ರಷ್ಟು ಕುಗ್ಗಿತ್ತು. ಆಪರೇಷನ್ನಿಗೆ ಮುಂಚೆ ರೋಗಿಗೆ ಇದ್ದ ಕಾಯಿಲೆಗಳಿಗಿಂತಲೂ, ಆಪರೇಷನ್ನಿನ ವೇಳೆ ನಡೆದದ್ದಕ್ಕಿಂತಲೂ ಆ ಮೂವತ್ತು ದಿನದ ಘಟನೆಯೇ ಮುಂದಿನ ಆಯಸ್ಸನ್ನು ಹೆಚ್ಚು ನಿರ್ಧರಿಸಿತ್ತು.

ಅದೇ ವರ್ಷ ಸ್ಕಾಟ್ಲೆಂಡಿನ ಮೆಕಾರ್ಡಲ್ ಮತ್ತು ಸಂಗಡಿಗರು ಕರುಳಿನ ಕ್ಯಾನ್ಸರ್‌ನತ್ತ ಮಾತ್ರ ನೋಡಿದರು. ಗುಣಪಡಿಸುವ ಉದ್ದೇಶದಿಂದ ಆಪರೇಷನ್ ಮಾಡಿಸಿಕೊಂಡ 2,235 ಜನರಲ್ಲಿ ಸೋರಿಕೆಯಾದವರು ಶೇ. 4ರ ಒಳಗೆ. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್‌ನಿಂದ ಸಾಯದೆ ಉಳಿದವರು ಸೋರಿಕೆಯಾಗದವರಲ್ಲಿ ಶೇ. 67ರಷ್ಟಿದ್ದರೆ, ಸೋರಿಕೆಯಾದವರಲ್ಲಿ ಶೇ. 42. ಆಪರೇಷನ್ನಿನ ಬೆನ್ನಿಗೇ ಸತ್ತವರನ್ನು ಲೆಕ್ಕದಿಂದ ಬಿಟ್ಟು ನೋಡಿದರೂ ಅಂತರ ಮಾಯವಾಗಲಿಲ್ಲ. ಅಂದರೆ ಸೋರಿಕೆಯ ಗಂಡಾಂತರ ದಾಟಿ ಮನೆಗೆ ಹೋದವರೂ ಮುಂದಿನ ವರ್ಷಗಳಲ್ಲಿ ಹಿಂದೆ ಬಿದ್ದರು.

ಎಲ್ಲ ತೊಡಕುಗಳೂ ಒಂದೇ ತೂಕದವಲ್ಲ. 2015ರಲ್ಲಿ ಪ್ರಕಟವಾದ, ಮತ್ತೆ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳದೇ ಆದ 12,075 ಜನರ ಅಧ್ಯಯನದಲ್ಲಿ ದೂರದ ಆಯಸ್ಸನ್ನು ಕುಗ್ಗಿಸಿದ್ದು ಮುಖ್ಯವಾಗಿ ಸೋಂಕಿನ ತೊಡಕುಗಳು, ಅದರಲ್ಲೂ ತೀವ್ರವಾದವು. ಸೋಂಕಿಲ್ಲದ ತೊಡಕುಗಳ ನೆರಳು ಅಷ್ಟು ಉದ್ದ ಚಾಚಿರಲಿಲ್ಲ.

ಕ್ಯಾನ್ಸರ್ ಮರಳುವುದು

ತೊಡಕಾದವರಲ್ಲಿ ಕ್ಯಾನ್ಸರ್ ಹೆಚ್ಚು ಮರಳುತ್ತದೆಯೇ ಎಂಬುದೇ ಸಂಶೋಧಕರನ್ನು ಹೆಚ್ಚು ಕಾಡಿದ ಪ್ರಶ್ನೆ. 2011ರಲ್ಲಿ ಇಂಗ್ಲೆಂಡಿನ ಮಿರ್ನೆಜಾಮಿ ಮತ್ತು ಸಂಗಡಿಗರು 21 ಅಧ್ಯಯನಗಳ ಸುಮಾರು 22,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಗುದನಾಳದ ಕೂಡಿಕೆ ಸೋರಿದವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳುವ ಸಾಧ್ಯತೆ ಸುಮಾರು ಎರಡು ಪಟ್ಟಾಗಿತ್ತು. ಯಕೃತ್ತು, ಶ್ವಾಸಕೋಶಗಳಂಥ ದೂರದ ಅಂಗಗಳಿಗೆ ಹರಡುವ ವಿಷಯದಲ್ಲಿ ವ್ಯತ್ಯಾಸ ಖಚಿತವಾಗಿರಲಿಲ್ಲ. ಮೂರು ವರ್ಷದ ಮೇಲೆ ಡೆನ್ಮಾರ್ಕಿನ ರಾಷ್ಟ್ರವ್ಯಾಪಿ ದಾಖಲೆ ಬೇರೆ ಚಿತ್ರ ಕೊಟ್ಟಿತು. ದೊಡ್ಡ ಕರುಳಿನ ಆಪರೇಷನ್ ಆದ 9,333 ಜನರಲ್ಲಿ ಶೇ. 6.4 ಮಂದಿಗೆ ಸೋರಿಕೆಯಾಗಿತ್ತು. ಅವರಲ್ಲಿ ಹೆಚ್ಚಿದ್ದು ದೂರಕ್ಕೆ ಹರಡುವಿಕೆ, ಅದೇ ಜಾಗದಲ್ಲಿ ಮರಳುವುದಲ್ಲ. ಗುದನಾಳ ಬೇರೆ, ಮೇಲಿನ ಕರುಳು ಬೇರೆ ಎಂಬುದನ್ನು ನೆನೆದರೆ ಇವೆರಡನ್ನೂ ಪರಸ್ಪರ ವಿರೋಧವೆಂದು ಓದಬೇಕಾಗಿಲ್ಲ.

ಹೀಗಾಗಲು ಕಾರಣವೇನು? ಮೂರು ವಿವರಣೆಗಳಿವೆ. ಗಡ್ಡೆಯಿಂದ ಉದುರಿದ ಜೀವಂತ ಕ್ಯಾನ್ಸರ್ ಕೋಶಗಳು ಕರುಳಿನ ಪೊಳ್ಳಿನಲ್ಲೇ ಇರುತ್ತವೆ, ಸೋರಿಕೆಯ ಜೊತೆಗೆ ಅವೂ ಹೊರಬಿದ್ದು ಸೊಂಟದ ಗುಂಡಿಯಲ್ಲಿ ಬೇರೂರುತ್ತವೆ ಎಂಬುದು ಮೊದಲನೆಯದು. ಎರಡನೆಯದು ಉರಿಯೂತದ್ದು. ಸೋಂಕಿನೊಡನೆ ಹೋರಾಡಲು ದೇಹ ಹರಿಯಬಿಡುವ ರಾಸಾಯನಿಕಗಳು ಗಾಯ ಮಾಯಿಸುವ ಜೊತೆಗೆ ಹೊಸ ರಕ್ತನಾಳ ಬೆಳೆಸುತ್ತವೆ. ಅಳಿದುಳಿದ ಕ್ಯಾನ್ಸರ್ ಕೋಶಕ್ಕೂ ಅದೇ ಗೊಬ್ಬರ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2013ರಲ್ಲಿ ಇಲಿಗಳ ಮೇಲೆ ತೋರಿಸಿದ ಸಂಗತಿ ಬೆರಗು ಹುಟ್ಟಿಸುವಂಥದು: ನಂಜೇರಿದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಹಿಡಿಯಲೆಂದು ತಮ್ಮ ಡಿಎನ್‌ಎ ಎಳೆಗಳನ್ನೇ ಬಲೆಯಂತೆ ಬೀಸುತ್ತವೆ, ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳು ಅದೇ ಬಲೆಗೆ ಸಿಕ್ಕಿಕೊಂಡು ಯಕೃತ್ತಿನಲ್ಲಿ ನೆಲೆಯೂರುತ್ತವೆ. ಕಾಯಲು ಹಾಕಿದ ಬಲೆ ಶತ್ರುವಿಗೆ ತಂಗುದಾಣವಾಗುತ್ತದೆ.

ಮೂರನೆಯ ವಿವರಣೆಯಲ್ಲಿ ಇಂಥ ಬೆರಗಿಲ್ಲ. ವ್ಯವಹಾರದ ಮಟ್ಟದಲ್ಲಿ ಬಹುಶಃ ಅದೇ ದೊಡ್ಡದು. ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಹರಡಿದ್ದರೆ ಆಪರೇಷನ್ ಆದ ಆರೆಂಟು ವಾರದೊಳಗೆ ಕೀಮೊಥೆರಪಿ ಶುರುವಾಗಬೇಕು. ಹೊಟ್ಟೆಯಲ್ಲಿ ಕೀವು ತುಂಬಿಕೊಂಡವರಿಗೆ, ಐಸಿಯುನಿಂದ ಎಲುಬಿನ ಹಂದರವಾಗಿ ಹೊರಬಂದವರಿಗೆ ಅದನ್ನು ಕೊಡುವುದು ಹೇಗೆ? ಹತ್ತು ಅಧ್ಯಯನಗಳ 15,410 ರೋಗಿಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಕೀಮೊಥೆರಪಿ ನಾಲ್ಕು ವಾರ ತಡವಾದಷ್ಟೂ ಸಾವಿನ ಅಪಾಯ ಶೇ. 14ರಷ್ಟು ಏರುತ್ತದೆ. ಡೆನ್ಮಾರ್ಕಿನ ದಾಖಲೆಯಲ್ಲೂ ಸೋರಿಕೆಯಾದವರಿಗೆ ಕೀಮೊ ಸಿಕ್ಕಿದ್ದೇ ಕಡಿಮೆ, ಸಿಕ್ಕವರಿಗೂ ತಡವಾಗಿ.

ತೊಡಕು ನಿಜವಾಗಿ ಕಾರಣವೋ, ಇಲ್ಲ ಬರೀ ಸೂಚನೆಯೋ ಎಂಬ ವಾದವಿದೆ. ಗಡ್ಡೆ ದೊಡ್ಡದಿದ್ದವರಿಗೆ, ಮೈ ಸೊರಗಿದವರಿಗೆ, ತುರ್ತು ಆಪರೇಷನ್ ಆದವರಿಗೆ ತೊಡಕು ಹೆಚ್ಚು. ಅವರೇ ಬೇಗ ಸಾಯುವವರೂ ಆಗಿರಬಹುದಲ್ಲವೆ? ಲೆಕ್ಕದಲ್ಲಿ ಇವನ್ನೆಲ್ಲ ಸರಿದೂಗಿಸಿದ ಮೇಲೂ ಸಂಬಂಧ ಉಳಿಯುತ್ತದೆ, ಆದರೆ ಸರಿದೂಗಿಸಲಾಗದ್ದೂ ಇರುತ್ತದೆ. ಬೇಕೆಂದೇ ಅರ್ಧ ಜನಕ್ಕೆ ಸೋರಿಕೆ ಮಾಡಿಸಿ ಪರೀಕ್ಷೆ ನಡೆಸುವಂತಿಲ್ಲವಾದ್ದರಿಂದ ಈ ವಾದ ಪೂರ್ತಿ ಬಗೆಹರಿಯಲಾರದು. ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಎರಡೂ ಉತ್ತರಗಳಿಂದ ಹೊರಡುವ ಕೆಲಸ ಒಂದೇ. ತೊಡಕಾದ ರೋಗಿಯನ್ನು ಹೆಚ್ಚು ಅಪಾಯದಲ್ಲಿರುವವರೆಂದು ತಿಳಿದು, ತಪಾಸಣೆಯ ದಿನಗಳನ್ನು ತಪ್ಪಿಸದೆ ನೋಡಿಕೊಳ್ಳಬೇಕು.

ಉಳಿದವರ ಬದುಕು

ಬದುಕುಳಿದ ವರ್ಷಗಳ ಗುಣವನ್ನು ಅಂಕಿಗಳು ಸುಲಭಕ್ಕೆ ಹಿಡಿಯಲಾರವು. ಗುದನಾಳ ತೆಗೆಸಿಕೊಂಡವರಲ್ಲಿ ಬಹಳ ಮಂದಿಗೆ ಮಲವಿಸರ್ಜನೆಯ ಹಿಡಿತ ಮೊದಲಿನಂತಿರುವುದಿಲ್ಲ. ಗಂಟೆಗೊಮ್ಮೆ ಓಡಬೇಕು, ಒಮ್ಮೆ ಹೋಗಿಬಂದು ಕೂತರೆ ಮತ್ತೆ ಅವಸರ, ಗಾಳಿಯೋ ಮಲವೋ ತಿಳಿಯದ ಭಯ. ಡೆನ್ಮಾರ್ಕಿನ ಎಮರ್ಟ್‌ಸನ್ ಮತ್ತು ಲಾರ್‌ಬರ್ಗ್ 2012ರಲ್ಲಿ ಇದನ್ನು ಅಳೆಯಲು ಐದು ಪ್ರಶ್ನೆಗಳ ಒಂದು ಅಂಕಪಟ್ಟಿ ರಚಿಸಿದರು. ಸೊನ್ನೆಯಿಂದ 42ರವರೆಗಿನ ಆ ಪಟ್ಟಿಯಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆ ತೀವ್ರ. ಸೋರಿಕೆಯಾಗಿ ಕೀವು ಗಟ್ಟಿಗೊಂಡವರಲ್ಲಿ ಸುತ್ತಲ ಅಂಗಾಂಶ ಬಿಗಿದು ಈ ತೊಂದರೆ ಉಲ್ಬಣಿಸುತ್ತದೆ. ಮದುವೆ ಮನೆ, ಬಸ್ ಪ್ರಯಾಣ, ಹೊಲದ ಕೆಲಸ ಎಲ್ಲವೂ ಶೌಚಾಲಯ ಎಷ್ಟು ದೂರ ಎಂಬ ಒಂದೇ ಲೆಕ್ಕಕ್ಕೆ ಇಳಿಯುತ್ತವೆ. ಕೇಳದ ಹೊರತು ಯಾರೂ ಇದನ್ನು ಹೇಳಿಕೊಳ್ಳುವುದಿಲ್ಲ. ತಪಾಸಣೆಗೆ ಬಂದಾಗ “ಸ್ಕ್ಯಾನ್ ಚೆನ್ನಾಗಿದೆ” ಎಂದು ಕಳಿಸಿಬಿಡುವುದಕ್ಕಿಂತ ಈ ಐದು ಪ್ರಶ್ನೆ ಕೇಳುವುದು ದೊಡ್ಡ ಉಪಕಾರ.

ಇನ್ನು ಹೊಟ್ಟೆಯ ಮೇಲಿನ ಮಲದ್ವಾರ, ಅಂದರೆ ಸ್ಟೋಮಾ. ನಮ್ಮ ಜನ ‘ಬ್ಯಾಗು ಹಾಕಿದ್ದಾರೆ’ ಎನ್ನುತ್ತಾರೆ. ಕೆಳಗಿನ ಕೂಡಿಕೆ ಮಾಯುವತನಕ ಮಲವನ್ನು ಬೇರೆ ದಾರಿಗೆ ತಿರುಗಿಸಲು ತಾತ್ಕಾಲಿಕವಾಗಿ ಇದನ್ನು ಮಾಡುವುದುಂಟು. ಅದರಿಂದ ಉಪಯೋಗವಿದೆ: ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸ್ಟೋಮಾ ಇಲ್ಲದವರಲ್ಲಿ ಶೇ. 28 ಮಂದಿಗೆ ಸೋರಿಕೆಯಾದರೆ, ಇದ್ದವರಲ್ಲಿ ಶೇ. 10.3ಕ್ಕೆ ಮಾತ್ರ. ಆದರೆ ತಾತ್ಕಾಲಿಕವೆಂದು ಹಾಕಿದ ಬ್ಯಾಗು ಐವರಲ್ಲಿ ಒಬ್ಬರಷ್ಟು ಜನರಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ, ಅದಕ್ಕೆ ದೊಡ್ಡ ಕಾರಣ ಸೋರಿಕೆಯೇ. ಸಣ್ಣ ಕರುಳಿನ ಸ್ಟೋಮಾದಿಂದ ನೀರು, ಉಪ್ಪು ವಿಪರೀತ ಹರಿದು ಮೂತ್ರಪಿಂಡ ಸೊರಗುವುದುಂಟು. ಬಿಸಿಲ ನಾಡಿನಲ್ಲಿ ಅದರ ಎಚ್ಚರ ಇನ್ನೂ ಹೆಚ್ಚಿರಬೇಕು. ಕುಕ್ಕುರುಗಾಲಿನಲ್ಲಿ ಕೂರುವುದು, ನೆಲದ ಮೇಲೆ ಕೂತು ಉಣ್ಣುವುದು, ಭಾರ ಎತ್ತುವುದು ಎಲ್ಲಕ್ಕೂ ಹೊಸದಾಗಿ ಹೊಂದಿಕೊಳ್ಳಬೇಕು. ದೇವರ ಕೋಣೆಗೆ ಹೋಗಬಹುದೇ ಎಂದು ಹಿಂಜರಿಯುವ ಹಿರಿಯರಿದ್ದಾರೆ. ಬ್ಯಾಗು ಬದಲಿಸುವುದನ್ನು ತಾಳ್ಮೆಯಿಂದ ಕಲಿಸಬಲ್ಲ ಸ್ಟೋಮಾ ನರ್ಸ್ ಒಬ್ಬರು ಸಿಕ್ಕರೆ ಇಂಥವರ ಬದುಕೇ ಹಗುರವಾಗುತ್ತದೆ.

ಕೀವಾದ ಗಾಯ ಮಾಯ್ದ ಮೇಲೂ ಹೊಟ್ಟೆಯ ಗೋಡೆ ಅಲ್ಲಿ ದುರ್ಬಲವಾಗಿ ಹರ್ನಿಯಾ ಉಬ್ಬುತ್ತದೆ. ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡು ವರ್ಷಗಳ ನಂತರ ತಡೆಯುಂಟಾಗಬಹುದು. ಸೊಂಟದ ನರಗಳಿಗೆ ಪೆಟ್ಟಾದವರಲ್ಲಿ ಮೂತ್ರದ ತೊಂದರೆ, ದಾಂಪತ್ಯದ ತೊಂದರೆ. ಹಣದ ಮಾತು ಕಡೆಗಣಿಸುವಂಥದಲ್ಲ: ಎರಡನೆಯ ಆಪರೇಷನ್, ಐಸಿಯು, ತಿಂಗಳುಗಟ್ಟಲೆ ಬ್ಯಾಗಿನ ಖರ್ಚು, ರೋಗಿಯ ಜೊತೆ ಆಸ್ಪತ್ರೆಯಲ್ಲಿ ಕೂತ ಇನ್ನೊಬ್ಬರು ಕಳೆದುಕೊಂಡ ಕೂಲಿ. ಚಿಕಿತ್ಸೆಯ ವೆಚ್ಚ ಸರ್ಕಾರದ ಆರೋಗ್ಯ ಯೋಜನೆಯಿಂದ ಸಿಕ್ಕರೂ ಈ ಕೊನೆಯ ಬಾಬತ್ತು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಕಾಪಾಡುವ ಶಕ್ತಿ

ಒಳ್ಳೆಯ ಆಸ್ಪತ್ರೆಯೆಂದರೆ ತೊಡಕು ಕಡಿಮೆಯಾಗುವ ಆಸ್ಪತ್ರೆ ಎಂದು ಯಾರಿಗಾದರೂ ಅನ್ನಿಸುತ್ತದೆ. 2009ರಲ್ಲಿ ಅಮೆರಿಕದ ಗಫೇರಿ, ಬರ್ಕ್‌ಮೇಯರ್, ಡಿಮಿಕ್ 84,730 ರೋಗಿಗಳ ದಾಖಲೆ ನೋಡಿದಾಗ ಕಂಡದ್ದು ಬೇರೆ. ಸಾವು ಅತಿ ಹೆಚ್ಚಿರುವ ಮತ್ತು ಅತಿ ಕಡಿಮೆಯಿರುವ ಆಸ್ಪತ್ರೆಗಳಲ್ಲಿ ತೊಡಕಿನ ಪ್ರಮಾಣ ಹೆಚ್ಚುಕಡಿಮೆ ಒಂದೇ, ಶೇ. 27 ಮತ್ತು ಶೇ. 25ರ ಆಸುಪಾಸು. ವ್ಯತ್ಯಾಸವಿದ್ದದ್ದು ದೊಡ್ಡ ತೊಡಕಾದವರಲ್ಲಿ ಎಷ್ಟು ಜನ ಸತ್ತರು ಎಂಬಲ್ಲಿ: ಒಂದು ಕಡೆ ಶೇ. 21.4, ಇನ್ನೊಂದು ಕಡೆ ಶೇ. 12.5. ತೊಡಕನ್ನು ಬೇಗ ಗುರುತಿಸಿ ರೋಗಿಯನ್ನು ಎತ್ತಿಹಿಡಿಯುವ ಶಕ್ತಿಯೇ ಆಸ್ಪತ್ರೆಯ ನಿಜವಾದ ಗುಣ ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಯಿತು.

ನಮ್ಮಂಥ ದೇಶಗಳ ಪಾಲಿಗೆ ಇದರ ಅರ್ಥವೇನೆಂದು 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಗ್ಲೋಬಲ್‌ಸರ್ಜ್ ತಂಡದ ಅಧ್ಯಯನ ತೋರಿಸಿತು. ಭಾರತವೂ ಸೇರಿ 82 ದೇಶಗಳ 428 ಆಸ್ಪತ್ರೆಗಳ 15,958 ಕ್ಯಾನ್ಸರ್ ರೋಗಿಗಳಲ್ಲಿ 6,215 ಮಂದಿ ಕರುಳಿನ ಕ್ಯಾನ್ಸರ್‌ನವರು. ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಕರುಳಿನ ಆಪರೇಷನ್ ಆದ 30 ದಿನದೊಳಗೆ ಸಾಯುವ ಸಾಧ್ಯತೆ ಶ್ರೀಮಂತ ದೇಶಗಳಿಗಿಂತ ಸುಮಾರು ನಾಲ್ಕೂವರೆ ಪಟ್ಟು. ದೊಡ್ಡ ತೊಡಕಾದ ಮೇಲೆ ಸಾಯುವ ಸಾಧ್ಯತೆ ಆರು ಪಟ್ಟು. ಆಪರೇಷನ್ ನಂತರ ನೋಡಿಕೊಳ್ಳುವ ಕೋಣೆ, ಐಸಿಯು, ಸಿಟಿ ಸ್ಕ್ಯಾನ್ ಸದಾ ಲಭ್ಯವಿಲ್ಲದ ಕಡೆ ದೊಡ್ಡ ತೊಡಕಾದ ಪ್ರತಿ ನೂರು ಜನರಲ್ಲಿ ಏಳರಿಂದ ಹತ್ತು ಮಂದಿ ಹೆಚ್ಚಾಗಿ ಸತ್ತರು. ಆಪರೇಷನ್ನಿಗೆ ರೋಬೋಟ್ ತಂದದ್ದನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುವ ಆಸ್ಪತ್ರೆಗಳಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬೊಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಅದು.

ತಡೆಯುವ ದಾರಿಗಳು

ತಡೆ ಆಪರೇಷನ್ನಿಗೆ ತಿಂಗಳು ಮುಂಚೆಯೇ ಆರಂಭವಾಗಬಹುದು. ನಾಲ್ಕು ವಾರ ವ್ಯಾಯಾಮ, ಪ್ರೋಟೀನು ತುಂಬಿದ ಆಹಾರ, ಬೀಡಿ ಸಿಗರೇಟು ಬಿಡಿಸುವುದು, ಮನಸ್ಸಿಗೆ ಧೈರ್ಯ ತುಂಬುವುದು ಇವನ್ನು ಒಟ್ಟಿಗೆ ಕೊಟ್ಟು 251 ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು: ತೀವ್ರ ತೊಡಕುಗಳು ಶೇ. 29.7ರಿಂದ ಶೇ. 17.1ಕ್ಕೆ ಇಳಿದವು. ನಮ್ಮ ಮನೆಗಳಲ್ಲಿ ಇದಕ್ಕೆ ಎದುರಾಗುವುದು ಪಥ್ಯದ ನಂಬಿಕೆ. ಗಾಯಕ್ಕೆ ನಂಜೆಂದು ಬದನೆಯಿಂದ ಹಿಡಿದು ಮೊಟ್ಟೆ, ಮಾಂಸದವರೆಗೆ ಬಿಡಿಸಿ, ಗಂಜಿ ಮತ್ತು ತಿಳಿಸಾರಿನಲ್ಲೇ ವಾರಗಟ್ಟಲೆ ಇರಿಸುವುದು ಪ್ರೀತಿಯಿಂದಲೇ. ಆದರೆ ಗಾಯ ಮಾಯಲು ಬೇಕಾದದ್ದೇ ಪ್ರೋಟೀನು. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬೇಳೆ, ಮೊಳಕೆಕಾಳು, ಮೊಸರು, ಪನೀರು ಕೊಡಲು ಡಾಕ್ಟರೇ ಬಾಯಿಬಿಟ್ಟು ಹೇಳಬೇಕು.

ಆಪರೇಷನ್ ಕೋಣೆಯಲ್ಲಿ ಸಣ್ಣ ಬದಲಾವಣೆಗಳೂ ಲೆಕ್ಕಕ್ಕೆ ಬರುತ್ತವೆ. ಹೊಟ್ಟೆ ಮುಚ್ಚುವ ಮುಂಚೆ ಕೈಗವಸು ಮತ್ತು ಉಪಕರಣಗಳನ್ನು ಬದಲಿಸಿದರೆ ಸಾಕು, ಗಾಯದ ಸೋಂಕು ಶೇ. 18.9ರಿಂದ ಶೇ. 16ಕ್ಕೆ ಇಳಿಯುತ್ತದೆ ಎಂದು ಭಾರತ ಸೇರಿದಂತೆ ಏಳು ದೇಶಗಳ 13,301 ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಗುಂಪಿನ ಚುಚ್ಚುಮದ್ದನ್ನು ಒಂದು ವಾರದ ಬದಲು ನಾಲ್ಕು ವಾರ ಕೊಟ್ಟರೆ ಹೆಪ್ಪಿನ ಪ್ರಮಾಣ ಶೇ. 12ರಿಂದ ಶೇ. 4.8ಕ್ಕೆ ಇಳಿಯುತ್ತದೆಂಬುದು 2002ರಿಂದಲೇ ಗೊತ್ತಿದೆ. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಆರಂಭಿಸಿದ ಶೀಘ್ರ ಚೇತರಿಕೆಯ ಪದ್ಧತಿಯಲ್ಲಿ ರೋಗಿಯನ್ನು ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ಬೇಗ ಊಟ ಕೊಡುತ್ತಾರೆ, ಕೊಳವೆಗಳನ್ನು ಬೇಗ ತೆಗೆಯುತ್ತಾರೆ. ಈ ಪದ್ಧತಿಯ ಶೇ. 70ಕ್ಕೂ ಹೆಚ್ಚು ಅಂಶಗಳನ್ನು ಪಾಲಿಸಿದವರಲ್ಲಿ ಐದು ವರ್ಷದೊಳಗೆ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಶೇ. 42ರಷ್ಟು ಕಡಿಮೆಯಿತ್ತೆಂದು ಸ್ವೀಡನ್ನಿನ ಅಧ್ಯಯನವೊಂದು 2016ರಲ್ಲಿ ವರದಿ ಮಾಡಿತು. ಇದೂ ಕಾರಣವೋ ಸೂಚನೆಯೋ ಎಂಬ ಹಳೆಯ ಪ್ರಶ್ನೆಗೆ ಒಳಪಟ್ಟದ್ದೇ.

ಸೋರಿಕೆಯನ್ನು ಬೇಗ ಹಿಡಿಯಲು ಅಗ್ಗದ ಒಂದು ರಕ್ತಪರೀಕ್ಷೆ ನೆರವಾಗುತ್ತದೆ. ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನು ಲೀಟರಿಗೆ ಮೂರನೆಯ ದಿನ 172, ನಾಲ್ಕನೆಯ ದಿನ 124, ಐದನೆಯ ದಿನ 144 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸೋರಿಕೆಯಿಲ್ಲವೆಂದು ಶೇ. 97ರಷ್ಟು ಭರವಸೆಯಿಂದ ಹೇಳಬಹುದು ಎಂದು 2014ರ ವಿಶ್ಲೇಷಣೆಯೊಂದು ತಿಳಿಸಿತು. ಹೆಚ್ಚಿದ್ದರೆ ಸೋರಿಕೆ ಇದೆಯೆಂದೇ ಅಲ್ಲ, ಹುಡುಕಬೇಕೆಂದು ಅರ್ಥ. ದೂರದ ಊರಿಗೆ ಹೋಗುವ ರೋಗಿಯನ್ನು ಕಳಿಸುವ ಮುಂಚೆ ಈ ಒಂದು ಅಂಕಿ ನೋಡುವುದರಿಂದ ಎಷ್ಟೋ ಕೆಡುಕು ತಪ್ಪೀತು. ಗುದನಾಳದ ಕೆಲವು ಗಡ್ಡೆಗಳು ವಿಕಿರಣ ಮತ್ತು ಕೀಮೊದಿಂದಲೇ ಪೂರ್ತಿ ಕರಗಿದಾಗ ಆಪರೇಷನ್ ಮಾಡದೆ ಕಾದು ನೋಡುವ ಮಾರ್ಗವನ್ನು ಬ್ರೆಜಿಲ್ಲಿನ ಆಂಜೆಲಿಟಾ ಹಬ್ರ್–ಗಾಮಾ ತೆರೆದಿಟ್ಟಿದ್ದಾರೆ. ಅಂಥವರು ಆಪರೇಷನ್ನಿನ ತೊಡಕುಗಳಿಂದ ದೂರ ಉಳಿಯುತ್ತಾರೆ. ಆದರೆ ಕಟ್ಟುನಿಟ್ಟಾಗಿ ತಪಾಸಣೆಗೆ ಬರಬಲ್ಲವರಿಗೆ ಮಾತ್ರ ಅದು ಸಲ್ಲುತ್ತದೆ.

ಲೆಕ್ಕ ಇಡುವುದು

ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯ ನೂರು ವರ್ಷಕ್ಕೂ ಹಿಂದೆ, ಪ್ರತಿಯೊಬ್ಬ ರೋಗಿಯನ್ನೂ ಕನಿಷ್ಠ ಒಂದು ವರ್ಷ ಹಿಂಬಾಲಿಸಿ ಚಿಕಿತ್ಸೆ ಕೊನೆಗೆ ಏನಾಯಿತು ಎಂದು ಬರೆದಿಡಬೇಕೆಂದು ಹಠ ಹಿಡಿದಿದ್ದ. ಸಹೋದ್ಯೋಗಿಗಳು ಒಪ್ಪದಿದ್ದಾಗ ತನ್ನದೇ ಪುಟ್ಟ ಆಸ್ಪತ್ರೆ ನಡೆಸಿ, 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳಲ್ಲಿ 123 ತಪ್ಪುಗಳನ್ನು ತಾನೇ ಎಣಿಸಿ ಅಚ್ಚು ಹಾಕಿಸಿದ. ಇಂದು ಸ್ವೀಡನ್, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳಲ್ಲಿ ಕರುಳಿನ ಕ್ಯಾನ್ಸರ್ ಆಪರೇಷನ್‌ಗಳ ತೊಡಕುಗಳು ರಾಷ್ಟ್ರೀಯ ದಾಖಲೆಗೆ ಸೇರುತ್ತವೆ. ಮೇಲೆ ಹೇಳಿದ ಡೆನ್ಮಾರ್ಕಿನ 9,333 ರೋಗಿಗಳ ಅಧ್ಯಯನ ಸಾಧ್ಯವಾದದ್ದು ಅದರಿಂದಲೇ.

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಕೆಲಸ ಮಾಡುತ್ತಿರುವ ಮೊದಲ ಜನಸಂಖ್ಯಾ ಆಧಾರಿತ ನೋಂದಣಿಗಳಲ್ಲಿ ಬೆಂಗಳೂರಿನದೂ ಒಂದು. ಅದರ ನೆಲೆ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ. ನಗರದಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು, ಯಾರು ಸತ್ತರು ಎಂಬುದನ್ನು ಅದು ನಾಲ್ಕು ದಶಕಗಳಿಂದ ಬರೆದಿಡುತ್ತ ಬಂದಿದೆ. ಎಷ್ಟನೆಯ ದಿನ ಕೂಡಿಕೆ ಸೋರಿತು, ಕೀಮೊ ಎಷ್ಟು ವಾರ ತಡವಾಯಿತು, ಬ್ಯಾಗು ತೆಗೆದರೋ ಇಲ್ಲವೋ ಎಂಬುದನ್ನು ಬರೆಯುವುದು ಅಂಥ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಆ ವಿವರಗಳಿರುವುದು ಆಸ್ಪತ್ರೆಯ ಕಡತದಲ್ಲಿ ಮತ್ತು ರೋಗಿ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡು ಐದು ವರ್ಷವೂ ತಪಾಸಣೆಗೆ ತರುವ ಡಿಸ್ಚಾರ್ಜ್ ಚೀಟಿಯಲ್ಲಿ.